ನಳಿಗೆಯ ಅಳತೆ, ಗುಂಡಿನ ಹದ

ಅಮೆರಿಕದ ಹಳ್ಳಿಗಾಡಿನಲ್ಲಿ ಕೈಬದಲಾಗುವ ಹಳೆಯ ಬೇಟೆಕೋವಿಗಳಲ್ಲಿ ಸನ್ನೆಕೋವಿಯ ಪಾಲು ದೊಡ್ಡದು. ಕುದುರೆಯನ್ನು ಸುತ್ತುವರಿದ ಉಕ್ಕಿನ ಬಳೆಯೇ ಅದರ ಸನ್ನೆ. ಅದನ್ನು ಒಮ್ಮೆ ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಖಾಲಿ ತೋಟೆ ಹೊರಬಿದ್ದು ಹೊಸ ತೋಟೆ ಗೂಡು ಸೇರುತ್ತದೆ. 1860ರ ಹೆನ್ರಿ ರೈಫಲ್‌ನಿಂದ ಬೆಳೆದುಬಂದ ಈ ಪದ್ಧತಿಗೆ ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಮಾದರಿಯು ಮನೆಮನೆಯ ಪ್ರಸಿದ್ಧಿಯನ್ನು ತಂದಿತು. 1895ರಲ್ಲಿ ಅದಕ್ಕೆಂದೇ ಬಂದ ‘ತರ್ಟಿ-ತರ್ಟಿ’ ತೋಟೆಯು ಇಂದಿಗೂ ಆ ನಾಡಿನ ಜಿಂಕೆ ಬೇಟೆಯ ಸಾಮಾನ್ಯ ತೋಟೆಗಳಲ್ಲಿ ಒಂದು. ಅದೇ ತೋಟೆಗಾಗಿ ಕನೆಕ್ಟಿಕಟ್‌ನ ಮಾರ್ಲಿನ್ ಕಂಪನಿಯು 1948ರಲ್ಲಿ ಹೊರತಂದ 336 ಮಾದರಿಯು ವಿಂಚೆಸ್ಟರ್‌ಗೆ ಸರಿಸಾಟಿಯಾಗಿ ನಿಂತಿತು. ಅಜ್ಜನಿಂದ ಮೊಮ್ಮಗನಿಗೆ, ಅಲ್ಲಿಂದ ಅಡವಿನಂಗಡಿಗೆ, ಅಡವಿನಂಗಡಿಯಿಂದ ಇನ್ನೊಬ್ಬರ ಮನೆಗೆ ಸಾಗುವ ಕೋವಿಗಳಲ್ಲಿ ಈ 336 ಮೇಲಿಂದ ಮೇಲೆ ಕಾಣಸಿಗುತ್ತದೆ.

ಈ ಕೋವಿಯ ಬೆನ್ನಿಗೆ ಒಂದು ಅಪವಾದವೂ ಬಹುಕಾಲದಿಂದ ಅಂಟಿಕೊಂಡಿದೆ: “ಮಾರ್ಲಿನ್‌ನ ನಳಿಗೆ ಎರಕದ ಗುಂಡಿಗೆ ಒಗ್ಗುವುದಿಲ್ಲ.” ಈ ಒಂದು ಮಾತಿನಿಂದ ಎಷ್ಟೋ ಒಳ್ಳೆಯ ಕೋವಿಗಳು ಅಗ್ಗಕ್ಕೆ ಹೋಗಿವೆ, ಎಷ್ಟೋ ಮಂದಿ ಒಳ್ಳೆಯ ನಳಿಗೆಯನ್ನು ಬಿಚ್ಚಿಸಿ ಬೇರೆ ನಳಿಗೆ ಹಾಕಿಸಿಕೊಂಡಿದ್ದಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ನಳಿಗೆಯದಾಗಿರಲಿಲ್ಲ. ನಳಿಗೆಯ ಒಳಗಾತ್ರವನ್ನು ಅಳೆಯದೆ, ಡಬ್ಬದ ಮೇಲಿನ ಅಂಕಿಯನ್ನೇ ನಂಬಿ ಗುಂಡು ಎರೆದ ಕೈಯದಾಗಿತ್ತು.

ಅಪವಾದದ ಮೂಲವನ್ನು ತಿಳಿಯಬೇಕಾದರೆ ನಳಿಗೆಯ ಒಳರಚನೆಯನ್ನು ತಿಳಿಯಬೇಕು. ಗಡಿನಾಡಿನ ಅಡಿಕೆ ತೋಟಗಳಲ್ಲಿ ಹಂದಿಯ ಕಾಟಕ್ಕೆಂದು ಪರವಾನಗಿ ಪಡೆದು ಇರಿಸಿಕೊಂಡ ಕೇಪಿನ ಕೋವಿಯನ್ನು ಕಂಡವರಿಗೆ ನಯವಾದ ನಳಿಗೆಯ ಪರಿಚಯವಿರುತ್ತದೆ. ಅದರೊಳಗೆ ತೋಡುಗಳಿಲ್ಲ. ರೈಫಲ್‌ನ ನಳಿಗೆಯಲ್ಲಾದರೋ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ತೋಡು ತೋಡುಗಳ ನಡುವೆ ಉಳಿದ ಉಕ್ಕು ಏಣಾಗಿ ನಿಲ್ಲುತ್ತದೆ. ಏಣುಗಳು ಗುಂಡನ್ನು ಕಚ್ಚಿಹಿಡಿದು ತಿರುಗಿಸುತ್ತವೆ; ಬುಗುರಿಯಂತೆ ತಿರುಗುತ್ತ ಹೊರಟ ಗುಂಡು ನೇರವಾಗಿ ಸಾಗುತ್ತದೆ. ಹಳೆಯ ಪದ್ಧತಿಯಲ್ಲಿ ಕೆಲವೇ ತೋಡುಗಳು. ಒಂದೊಂದರ ಆಳ ಇಂಚಿನ ಸಾವಿರದ ನಾಲ್ಕು ಭಾಗದಷ್ಟು. ಮಾರ್ಲಿನ್ ಕಂಪನಿಯು 1956ರ ಹೊತ್ತಿಗೆ 336ರ ನಳಿಗೆಗಳಿಗೆ ‘ಮೈಕ್ರೋ-ಗ್ರೂವ್’ ಎಂಬ ಹೊಸ ಪದ್ಧತಿಯನ್ನು ತಂದಿತು. ಇದರಲ್ಲಿ ತೋಡುಗಳು 12. ಆದರೆ ಆಳ ಕಡಿಮೆ. ತಾಮ್ರದ ಹೊದಿಕೆಯ ಕಾರ್ಖಾನೆ ಗುಂಡುಗಳು ಈ ನಳಿಗೆಯಿಂದ ಬಹಳ ಚೆನ್ನಾಗಿ ಹಾರಿದವು. ಬರಿಯ ಸೀಸದ ಎರಕದ ಗುಂಡುಗಳು ಮಾತ್ರ ದಿಕ್ಕುಗೆಟ್ಟವು; ನಳಿಗೆಯೊಳಗೆ ಸೀಸ ಮೆತ್ತಿಕೊಂಡಿತು. ಅಪವಾದ ಹುಟ್ಟಿದ್ದು ಅಲ್ಲಿ.

ಕಾರಣ ಸರಳವಾದುದು. ತರ್ಟಿ-ತರ್ಟಿಯ ಕಾರ್ಖಾನೆ ಗುಂಡಿನ ವ್ಯಾಸ 0.308 ಇಂಚು. ಹಳೆಯ 336ರ ಎಷ್ಟೋ ನಳಿಗೆಗಳಲ್ಲಿ ತೋಡಿನಿಂದ ತೋಡಿಗೆ ಅಳೆದರೆ ಇದಕ್ಕಿಂತ ತುಸು ಹೆಚ್ಚಿರುವುದುಂಟು. ಗಟ್ಟಿಯಾದ ತಾಮ್ರದ ಹೊದಿಕೆಗೆ ಈ ಸಡಿಲ ಅಷ್ಟಾಗಿ ತಟ್ಟದು. ಮೃದುವಾದ ಸೀಸಕ್ಕೆ ತಟ್ಟುತ್ತದೆ. ಗುಂಡಿಗೂ ತೋಡಿಗೂ ನಡುವೆ ಉಳಿದ ಸಂದಿನಲ್ಲಿ ಉರಿಯುವ ಅನಿಲ ನುಗ್ಗಿ ಗುಂಡಿನ ಪಕ್ಕವನ್ನು ಸುಟ್ಟು ಕೊರೆಯುತ್ತದೆ. ಕೊರೆದ ಸೀಸವನ್ನು ನಳಿಗೆಗೆ ಬಳಿಯುತ್ತದೆ. ಏಣುಗಳು ಗಿಡ್ಡವಾಗಿರುವುದರಿಂದ ಸಣ್ಣ ಗುಂಡಿನ ಮೇಲೆ ಅವುಗಳ ಹಿಡಿತವೂ ಸಾಲದು. ಹಾಗಾದರೆ ಪರಿಹಾರ ನಳಿಗೆಯನ್ನು ಬದಲಿಸುವುದಲ್ಲ. ತೋಡಿನ ಅಳತೆಗಿಂತ ಇಂಚಿನ ಸಾವಿರದ ಒಂದೆರಡು ಭಾಗ ದಪ್ಪವಾದ ಗುಂಡನ್ನು ಎರೆಯುವುದು. 0.308ರ ಬದಲು 0.310 ಅಥವಾ 0.311. ಈ ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇಷ್ಟರಲ್ಲಿ ಒಂದು ಕೋವಿಯ ಮಾನ ಅಡಗಿದೆ.

ಇಂಥ ಕೋವಿಯನ್ನು ಕೊಳ್ಳಹೊರಟವರು ಮೊದಲು ಮಾಡಬೇಕಾದ ಕೆಲಸ ಅದು ಖಾಲಿಯೆಂದು ಖಚಿತಪಡಿಸಿಕೊಳ್ಳುವುದು. ಸನ್ನೆಯನ್ನು ಪೂರ್ತಿ ತೆರೆದು ಗೂಡನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಮಲಗಿರುವ ಕಾರಣ ಅಲ್ಲಿ ಒಂದು ಉಳಿದಿರುವುದು ಹೊರಗೆ ಕಾಣದು. ಆಮೇಲೆ ತಿರುಪುಗಳ ತಲೆಯತ್ತ ಕಣ್ಣು ಹರಿಯಬೇಕು. ಸೀಳು ಹರಿದು ಕಚ್ಚಾಗಿದ್ದರೆ ತಕ್ಕ ಉಳಿ ಇಲ್ಲದ ಕೈ ಒಳಗೆ ಹೊಕ್ಕಿದೆಯೆಂದು ಅರ್ಥ. ಮರದ ಮುಂಗೈಯ ಅಡಿಯಲ್ಲಿ, ಮರವೂ ಉಕ್ಕೂ ಕೂಡುವ ಅಂಚಿನಲ್ಲಿ ತುಕ್ಕು ಅಡಗಿ ಕುಳಿತಿರುವುದುಂಟು. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಎಲ್ಲಾದರೂ ಕಪ್ಪು ಉಂಗುರದಂಥ ನೆರಳು ಕಂಡರೆ ಆ ಕೋವಿಯನ್ನು ಅಲ್ಲಿಯೇ ಇಟ್ಟು ಬರುವುದು ಲೇಸು. ಯಾವುದೋ ಅಡ್ಡಿಯಿದ್ದ ನಳಿಗೆಯಲ್ಲಿ ಗುಂಡು ಹಾರಿಸಿದಾಗ ಉಕ್ಕು ಉಬ್ಬಿದ ಗುರುತು ಅದು.

ಬಾಯಂಚನ್ನು ಭೂತಗನ್ನಡಿಯಿಂದ ನೋಡಬೇಕು. ಗುಂಡು ನಳಿಗೆಯನ್ನು ಬಿಟ್ಟುಹೋಗುವ ಕೊನೆಯ ತಾಣ ಅದೇ ಆದುದರಿಂದ ಅಲ್ಲಿ ಒಂದು ಬದಿ ಸವೆದಿದ್ದರೂ ಗುರಿ ಕೆಡುತ್ತದೆ. ಸವೆತಕ್ಕೆ ಸಾಮಾನ್ಯ ಕಾರಣ ಗುಂಡಲ್ಲ, ಬಾಯಿಯ ಕಡೆಯಿಂದ ತುರುಕಿದ ಶುಚಿಸಲಾಕೆ. ಮಾರ್ಲಿನ್‌ನಲ್ಲಿ ಸನ್ನೆಯ ಒಂದು ತಿರುಪನ್ನು ಬಿಚ್ಚಿದರೆ ಸನ್ನೆಯೂ ಬೋಲ್ಟೂ ಹೊರಗೆ ಬರುತ್ತವೆ; ನಳಿಗೆಯನ್ನು ಹಿಂದಿನಿಂದಲೇ ಶುಚಿಮಾಡಬಹುದು. ಹಳೆಯ ವಿಂಚೆಸ್ಟರ್‌ನಲ್ಲಿ ಈ ಸುಲಭವಿಲ್ಲ. ಆದಕಾರಣ ಅದರ ಬಾಯಂಚನ್ನು ಇನ್ನೂ ಹೆಚ್ಚಿನ ಅನುಮಾನದಿಂದ ನೋಡಬೇಕು. ಮಾರ್ಲಿನ್‌ಗೆ ಅದರದೇ ಆದ ದೌರ್ಬಲ್ಯವೂ ಒಂದಿದೆ: ತೋಟೆಯನ್ನು ಮೇಲೆತ್ತುವ ತೊಟ್ಟಿಲಿನ ಅಡಿಭಾಗವನ್ನು ಸನ್ನೆಯ ಮೊನೆಯು ವರ್ಷಗಳ ಬಳಕೆಯಲ್ಲಿ ಕೊರೆಯುತ್ತದೆ. ಆಗ ಒಂದರ ಬದಲು ಒಂದೂವರೆ ತೋಟೆ ನುಸುಳಿ ಯಂತ್ರ ಬಿಗಿದುಕೊಳ್ಳುತ್ತದೆ. ತಿಳಿದ ಕಮ್ಮಾರ ಇದನ್ನು ಸರಿಪಡಿಸಬಲ್ಲ; ಆದರೆ ಬೆಲೆ ಮಾತಾಡುವ ಮುನ್ನ ತಿಳಿದಿರಬೇಕಾದ ಸಂಗತಿ. ತೋಟೆಯ ಹಿಂದಿನ ಅವಕಾಶ ಮಿತಿಯೊಳಗಿದೆಯೇ ಎಂಬುದನ್ನು ಅಳತೆಯ ಗೇಜಿನಿಂದ ಅನುಭವಿ ಕುಶಲಕರ್ಮಿಯೊಬ್ಬನು ಪರೀಕ್ಷಿಸದ ಹೊರತು ಮೊದಲ ಗುಂಡು ಹಾರಬಾರದು.

ಹೆಸರಿನ ಮೋಹಕ್ಕೆ ಒಳಗಾಗದವರಿಗೆ ಲಾಭವೂ ಉಂಟು. ಮಾರ್ಲಿನ್ ಕಂಪನಿಯೇ ‘ಗ್ಲೆನ್‌ಫೀಲ್ಡ್’ ಎಂಬ ಅಗ್ಗದ ಹೆಸರಿನಲ್ಲಿ ಇದೇ ಕೋವಿಯನ್ನು ಮಾರಿತ್ತು. ಅಕ್ರೋಟಿನ ಮರದ ಬದಲು ಬರ್ಚ್ ಮರ. ನಳಿಗೆಯೂ ಯಂತ್ರವೂ ಮಾರ್ಲಿನ್‌ನವೇ. ಇನ್ನು ತಯಾರಿಯ ಕಾಲ: 1973ರಿಂದ ಆ ಶತಮಾನದ ಕೊನೆಯವರೆಗಿನ ಕೋವಿಗಳಲ್ಲಿ ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳನ್ನು 100ರಿಂದ ಕಳೆದರೆ ವರ್ಷ ದೊರೆಯುತ್ತದೆ, 25ರಿಂದ ತೊಡಗಿದ್ದರೆ 1975. ರೆಮಿಂಗ್ಟನ್ ಕಂಪನಿಯ ಕೈಸೇರಿದ ಮೇಲೆ ಹಳೆಯ ಕಾರ್ಖಾನೆ ಮುಚ್ಚಿತು. 2020ರ ದಿವಾಳಿಯ ಹರಾಜಿನಲ್ಲಿ ಮಾರ್ಲಿನ್ ಹೆಸರನ್ನು ರೂಗರ್ ಕಂಪನಿ ಕೊಂಡಿತು. ನಳಿಗೆಯ ಬುಡದಲ್ಲಿ ‘ಜೆಎಂ’ ಎಂಬ ಮುದ್ರೆಯಿದ್ದರೆ ಅದು ಹಳೆಯ ಕಾರ್ಖಾನೆಯ ನಳಿಗೆ. ಜನ ಅದನ್ನೇ ಹುಡುಕುತ್ತಾರೆ, ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಮುದ್ರೆಯು ಅಳತೆಯನ್ನು ಹೇಳುವುದಿಲ್ಲ.

ಅಳತೆಯನ್ನು ಹೇಳುವುದು ನಳಿಗೆಯೇ. ಅದನ್ನು ಕೇಳುವ ಕ್ರಮ ಹೀಗೆ. ಕಾರ್ಖಾನೆ ಗುಂಡುಗಳು ಬಿಟ್ಟುಹೋದ ತಾಮ್ರದ ಲೇಪ ತೋಡುಗಳಲ್ಲಿ ಕುಳಿತಿರುತ್ತದೆ. ಅಮೋನಿಯಾ ಬೆರೆತ ದ್ರಾವಣದಿಂದ ಅದನ್ನು ತೆಗೆಯಬೇಕು. ಶುಚಿಬಟ್ಟೆಯ ಮೇಲೆ ನೀಲಿ ಹಸುರಿನ ಕಲೆ ಬರುವ ತನಕ ತಾಮ್ರ ಉಳಿದಿದೆಯೆಂದೇ ತಿಳಿಯಬೇಕು. ಅನಂತರ ನಳಿಗೆಗೆ ಎಣ್ಣೆ ಸವರಿ, ನಳಿಗೆಗಿಂತ ತುಸು ದಪ್ಪನಾದ ಅಪ್ಪಟ ಸೀಸದ ತುಂಡೊಂದನ್ನು ಹಿತ್ತಾಳೆಯ ಸಲಾಕೆಯಿಂದ ಮೆಲ್ಲನೆ ತಳ್ಳಬೇಕು. ಕೈಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ತಿಳಿಯುತ್ತದೆ. ದೃಷ್ಟಿಪಟ್ಟಿಗಾಗಿ ಕಚ್ಚು ಕೊರೆದ ಕಡೆ, ಅಕ್ಷರ ಒತ್ತಿದ ಕಡೆ, ನಳಿಗೆಯನ್ನು ತಿರುಪಿ ಕೂರಿಸಿದ ಕಡೆ ಸೂಕ್ಷ್ಮವಾದ ಬಿಗಿ ಇರುವುದು ಅಪೂರ್ವವಲ್ಲ. ಹೊರಬಂದ ತುಂಡಿನ ಮೇಲೆ ತೋಡಿನ ಪಡಿಯಚ್ಚು ಉಬ್ಬಾಗಿ ಮೂಡಿರುತ್ತದೆ. ಎದುರುಬದುರಿನ ಉಬ್ಬುಗಳ ನಡುವಣ ದೂರವನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಸಾವಿರದ ಒಂದು ಭಾಗದ ಲೆಕ್ಕಕ್ಕೆ ಅಂಗಡಿಯ ಅಗ್ಗದ ಕ್ಯಾಲಿಪರ್ ಸಾಲದು. ತಗ್ಗುಗಳ ನಡುವಣ ಅಳತೆಯೂ ಬೇಕು. ಕೆಲವು ಅಚ್ಚುಗಳಲ್ಲಿ ಗುಂಡಿನ ಮೂಗು ಏಣುಗಳ ಮೇಲೆ ಆತುಕೊಂಡು ಸಾಗುವಂತೆ ರೂಪಿಸಿರುತ್ತಾರೆ. ಮೈಕ್ರೋ-ಗ್ರೂವ್‌ನಲ್ಲಿ ಏಣುಗಳ ನಡುವಣ ಅವಕಾಶ ವಾಡಿಕೆಯ 0.300 ಇಂಚಿಗಿಂತ ಹೆಚ್ಚಾದ ಕಾರಣ ಅಂಥ ಮೂಗಿಗೆ ಆಸರೆ ದೊರೆಯದೆ ಗುಂಡು ಓರೆಯಾಗುತ್ತದೆ.

ಗೂಡಿನ ಅಳತೆಗೆ ಬಿಸ್ಮತ್ ಬೆರೆತ ‘ಸೆರೋಸೇಫ್’ ಎಂಬ ಲೋಹವನ್ನು ಬಳಸುವುದುಂಟು. ಬಿಸಿನೀರಿನ ಶಾಖದಲ್ಲೇ ಕರಗುವ ಇದು ಗೂಡಿನಲ್ಲಿ ಎರೆದಾಗ ಮೊದಲು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಸುಮಾರು ಒಂದು ಗಂಟೆಯ ಹೊತ್ತಿಗೆ ಗೂಡಿನ ನಿಜ ಗಾತ್ರಕ್ಕೆ ಬರುತ್ತದೆ. ದಪ್ಪ ಗುಂಡು ಹೊತ್ತ ತೋಟೆಯ ಕೊರಳು ಗೂಡಿನಲ್ಲಿ ಸಡಿಲವಾಗಿ ಕೂರುವಷ್ಟು ಜಾಗವಿದೆಯೇ ಎಂಬುದು ಇದರಿಂದ ತಿಳಿಯಬೇಕು. ಕೊರಳಿಗೆ ಹಿಗ್ಗಲು ಎಡೆಯಿಲ್ಲದಿದ್ದರೆ ಒತ್ತಡ ಅಪಾಯದ ಮಟ್ಟಕ್ಕೆ ಏರೀತು. ದಪ್ಪ ಗುಂಡಿನ ಸೂತ್ರಕ್ಕೆ ಮಿತಿಯಿರುವುದು ಇಲ್ಲಿ.

ಇನ್ನು ಲೋಹದ ಮಾತು. ಅಪ್ಪಟ ಸೀಸ ತೀರ ಮೃದು. ಬ್ರಿನೆಲ್ ಮಾನದಲ್ಲಿ ಅದರ ಗಡಸುತನ 5ರಷ್ಟು. ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ನೂರಕ್ಕೆ ಐದೈದು ಪಾಲು ಬೆರೆಸಿದರೆ 15ರ ಆಸುಪಾಸಿಗೆ ಬರುತ್ತದೆ. ಅಚ್ಚುಕೂಟದ ಲೈನೋಟೈಪ್ ಲೋಹದ್ದು 22. ಅದರಲ್ಲಿ ನೂರಕ್ಕೆ 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಮೊಳೆ ಜೋಡಿಸಿ ಪತ್ರಿಕೆ ಅಚ್ಚಾಗುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಈ ಲೋಹ ಅಪರಿಚಿತವಲ್ಲ. ಕನ್ನಡದ ಅಕ್ಷರಗಳೂ ಇದೇ ಕುಲದ ಲೋಹದಲ್ಲಿ ಮೈದಳೆದವು. ಆಂಟಿಮನಿ ಬೆರೆತ ಸೀಸವು ತಣಿಯುವಾಗ ಕಡಿಮೆ ಕುಗ್ಗುತ್ತದೆ. ಅಕ್ಷರದ ಅಂಚು ಚೂಪಾಗಿ ನಿಲ್ಲುವುದು ಅದರಿಂದ, ಗುಂಡು ಅಚ್ಚಿನಿಂದ ದಪ್ಪವಾಗಿ ಹೊರಬರುವುದೂ ಅದರಿಂದಲೇ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1978ರಲ್ಲಿ ಬಿಸಿಲೋಹದ ಜೋಡಣೆಯನ್ನು ಕೈಬಿಟ್ಟಿತು. ಹಾಗೆ ಒಂದೊಂದೇ ಅಚ್ಚುಕೂಟ ಯಂತ್ರಗಳನ್ನು ನಿಲ್ಲಿಸುತ್ತಿದ್ದಂತೆ ಗುಜರಿಗೆ ಬಂದ ಲೋಹ ಗುಂಡು ಎರೆಯುವವರ ಒಲೆ ಸೇರಿತು. ಈಗ ಅದು ವಿರಳ. ಕಾರು ಚಕ್ರದ ಸಮತೂಕದ ಸೀಸದ ತುಂಡುಗಳೇ ಹೆಚ್ಚಿನವರ ಮೂಲದ್ರವ್ಯವಾಗಿದ್ದವು. ಅವುಗಳ ಜಾಗಕ್ಕೂ ಸತುವು, ಉಕ್ಕು ಬರುತ್ತಿವೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಸತುವಿಗೆ 419 ಡಿಗ್ರಿ ಬೇಕು. ಶಾಖವನ್ನು 400ರ ಒಳಗೆ ಹಿಡಿದಿಟ್ಟರೆ ಸತುವಿನ ತುಂಡು ಕರಗದೆ ತೇಲುತ್ತದೆ; ಎತ್ತಿ ಎಸೆಯಬಹುದು. ಕರಗಿ ಬೆರೆತರೆ ಇಡೀ ಕಡಾಯಿ ಕೆಟ್ಟಂತೆ.

ಗುಂಡಿನ ಮೂಗು ಚಪ್ಪಟೆಯಾಗಿರಲೇಬೇಕು. ಕೊಳವೆಯಲ್ಲಿ ಒಂದರ ಮೂಗು ಮುಂದಿನದರ ಕೇಪಿಗೆ ತಾಗಿ ಕೂರುತ್ತದೆ. ಚೂಪು ಮೂಗಾದರೆ ಕೋವಿಯ ಒದೆತಕ್ಕೆ ಅದು ಕೇಪನ್ನು ಹೊಡೆದು ಸಿಡಿಸಬಹುದು. ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲನ್ನು ತೊಡಿಸಿದರೆ ಅನಿಲದ ದಾಳಿಯಿಂದ ಬುಡ ಉಳಿಯುತ್ತದೆ. ಮೈಯ ಗೆರೆಗಳಲ್ಲಿ ಜೇನುಮೇಣ ಬೆರೆತ ಜಿಡ್ಡು ತುಂಬುವುದು ಹಳೆಯ ವಾಡಿಕೆ. ಬಣ್ಣದ ಪುಡಿಯನ್ನು ಬೇಯಿಸಿ ಲೇಪಿಸುವುದು ಹೊಸದು. ಲೇಪವು ಗುಂಡಿನ ವ್ಯಾಸವನ್ನು ಸಾವಿರದ ಒಂದೆರಡು ಭಾಗ ಹೆಚ್ಚಿಸುವುದರಿಂದ ದೊಡ್ಡ ನಳಿಗೆಯವರಿಗೆ ಅನುಕೂಲವೇ ಸರಿ.

ಇಷ್ಟೆಲ್ಲ ಮಾಡಿದ ಮೇಲೂ ಎಷ್ಟೋ ಜನ ಸೋಲುವ ಒಂದು ಜಾಗವಿದೆ. ತೋಟೆಯ ಕೊರಳನ್ನು ಹಿಗ್ಗಿಸುವ ಸಾಮಾನ್ಯ ಉಪಕರಣ 0.308 ಇಂಚಿನ ಹೊದಿಕೆ ಗುಂಡಿಗೆಂದು ಮಾಡಿದ್ದು. 0.310ರ ಮೃದುವಾದ ಗುಂಡನ್ನು ಆ ಬಿಗಿ ಕೊರಳಿಗೆ ಒತ್ತಿದರೆ ಹಿತ್ತಾಳೆ ಹಿಗ್ಗದು, ಸೀಸವೇ ಕುಗ್ಗುತ್ತದೆ. ಅಳೆದು ಎರೆದ ಗುಂಡು ಯಾರ ಕಣ್ಣಿಗೂ ಬೀಳದೆ ತೋಟೆಯೊಳಗೆ ಮತ್ತೆ 0.308 ಆಗಿ ಕುಳಿತಿರುತ್ತದೆ. ನಳಿಗೆಯಲ್ಲಿ ಸೀಸ ಮೆತ್ತಿದಾಗ ಬೈಗುಳ ಮಾತ್ರ ನಳಿಗೆಗೆ. ಎರಕದ ಗುಂಡಿಗೆಂದೇ ಇರುವ ದಪ್ಪ ಹಿಗ್ಗುಳಿಯನ್ನು ಬಳಸಿ, ಕೂರಿಸಿದ ಒಂದು ಗುಂಡನ್ನು ಹೊರತೆಗೆದು ಮರಳಿ ಅಳೆದರೆ ನಿಜಸ್ಥಿತಿ ತಿಳಿಯುತ್ತದೆ. ಮದ್ದಿನ ಪ್ರಮಾಣದಲ್ಲಂತೂ ಊಹೆಗೆ ಎಡೆಯಿಲ್ಲ. ಪ್ರಕಟಿತ ಕೈಪಿಡಿಯ ಕೆಳಮಿತಿಯಿಂದಲೇ ತೊಡಗಬೇಕು. ಕಾರ್ಖಾನೆಯ 170 ಗ್ರೇನ್ ಗುಂಡು, ಎಂದರೆ 11 ಗ್ರಾಮಿನದು, ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಹೊರಟರೆ ಎರಕದ ಗುಂಡಿಗೆ 1,500ರಿಂದ 1,900 ಅಡಿ ಸಾಕು.

ವೇಗ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 336ರ ನೆತ್ತಿ ಚಪ್ಪಟೆ. ತೋಟೆ ಪಕ್ಕಕ್ಕೆ ಸಿಡಿಯುವುದರಿಂದ ಹಿಂಬದಿಯಲ್ಲಿ ಇಣುಕುಗಿಂಡಿಯನ್ನು ಕೂರಿಸಲು ತೊಡಕಿಲ್ಲ. ಗಿಂಡಿಯಿಂದ ಆಗುವ ಹೊಂದಾಣಿಕೆ ಮುಗಿದ ಮೇಲೂ ಗುರಿ ತಪ್ಪುತ್ತಿದ್ದರೆ ಮುಂದಿನ ಕಡ್ಡಿಯ ಎತ್ತರವನ್ನು ಲೆಕ್ಕದಿಂದ ತಿಳಿಯಬಹುದು. ಗುರಿ ತಪ್ಪಿದ ಅಂತರವನ್ನು ಎರಡು ದೃಷ್ಟಿಗಳ ನಡುವಣ ದೂರದಿಂದ ಗುಣಿಸಿ, ಗುರಿಹಲಗೆಯ ದೂರದಿಂದ ಭಾಗಿಸಬೇಕು. 50 ಮೀಟರಿನಲ್ಲಿ 10 ಸೆಂಟಿಮೀಟರ್ ಕೆಳಗೆ ಬಿದ್ದು, ದೃಷ್ಟಿಗಳ ನಡುವೆ 68 ಸೆಂಟಿಮೀಟರ್ ಇದ್ದರೆ, ಮುಂದಿನ ಕಡ್ಡಿ 1.36 ಮಿಲಿಮೀಟರ್ ತಗ್ಗಬೇಕು. ಮೇಲೆ ಬಿದ್ದರೆ ಅಷ್ಟೇ ಎತ್ತರದ ಬೇರೆ ಕಡ್ಡಿ ಬೇಕು. ಮೂರು ಗುಂಡುಗಳ ಸಾಕ್ಷಿಯನ್ನು ನಂಬಿ ಅರವನ್ನು ಕೈಗೆತ್ತಿಕೊಳ್ಳಬಾರದು. ಹತ್ತು ಗುಂಡುಗಳಾದರೂ ಮಾತನಾಡಬೇಕು. ನಳಿಗೆ ಬಿಸಿಯೇರಿದಂತೆ ಅದನ್ನು ಅಪ್ಪಿದ ಮರವೂ ಪಟ್ಟಿಗಳೂ ಅದನ್ನು ಎಳೆಯುವುದರಿಂದ ನಡುನಡುವೆ ತಣಿಯಲು ಬಿಡಬೇಕು.

ಇಷ್ಟು ಶ್ರಮ ಏತಕ್ಕೆಂಬ ಪ್ರಶ್ನೆಗೆ 2020ರ ಮಹಾಮಾರಿಯ ಕಾಲ ಒಂದು ಉತ್ತರ ಕೊಟ್ಟಿತು. ಅಮೆರಿಕದ ಅಂಗಡಿಗಳಲ್ಲಿ ತೋಟೆಗಳು ಬರಿದಾದವು. ಮನೆಯಲ್ಲಿ ಕೇಪೂ ಮದ್ದೂ ಅಚ್ಚೂ ಇದ್ದವರ ಕೋವಿಗಳು ಮಾತ್ರ ಮೂಲೆ ಸೇರಲಿಲ್ಲ. ಇನ್ನೊಂದು ಉತ್ತರ ಬೇಟೆಯ ಧರ್ಮಕ್ಕೆ ಸೇರಿದ್ದು. ದಿಕ್ಕು ತಪ್ಪುವ ಗುಂಡು ಜಿಂಕೆಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸಿ ಕಾಡಿಗಟ್ಟುತ್ತದೆ. ಅದು ಎಲ್ಲೋ ನರಳಿ ಸಾಯುತ್ತದೆ. ತನ್ನ ಗುಂಡು ಎಷ್ಟು ದೂರದವರೆಗೆ ನೆಚ್ಚಿಕೆಗೆ ಅರ್ಹವೆಂದು ಅಳೆದು ತಿಳಿದವನು ಅದಕ್ಕಿಂತ ದೂರದ ಪ್ರಾಣಿಗೆ ಕೋವಿ ಎತ್ತುವುದಿಲ್ಲ.

ಸೀಸಕ್ಕೆ ಇನ್ನೊಂದು ಮುಖವಿದೆ. ಅದನ್ನು ಮರೆಸುವುದು ಸಲ್ಲದು. ಎರೆಯುವ ಶಾಖದಲ್ಲಿ ಸೀಸದ ಆವಿ ಅತ್ಯಲ್ಪ; ವಿಷವಿರುವುದು ಕಡಾಯಿಯ ಮೇಲೆ ಕಟ್ಟುವ ಕಿಟ್ಟದ ಧೂಳಿನಲ್ಲಿ, ತೊಳೆಯದ ಕೈಯಲ್ಲಿ, ಮನೆಯೊಳಗೆ ಬಂದ ಬಟ್ಟೆಯಲ್ಲಿ. ಮಕ್ಕಳ ರಕ್ತದಲ್ಲಿ ಎಚ್ಚರಿಕೆಗೆ ತಕ್ಕ ಸೀಸದ ಮಟ್ಟವನ್ನು ಅಮೆರಿಕದ ಆರೋಗ್ಯ ಇಲಾಖೆಯು 2021ರಲ್ಲಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಮಿಗೆ ಇಳಿಸಿತು. ಅಡುಗೆಮನೆಯ ಒಲೆ ಈ ಕೆಲಸಕ್ಕೆ ಸಲ್ಲದು. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಉಗಿಯಾಗಿ ಸಿಡಿದು ಲೋಹವನ್ನು ಮುಖಕ್ಕೆ ಎರಚುತ್ತದೆ. ಸೀಸದ ಚೂರು ಹೊಕ್ಕ ಮಾಂಸವನ್ನು ತಿಂದ ಹಕ್ಕಿಗೂ ಅದೇ ವಿಷ. 1982ರಲ್ಲಿ 22ಕ್ಕೆ ಇಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳ ಉಳಿವಿಗೆ ಸೀಸವೇ ದೊಡ್ಡ ಅಡ್ಡಿಯೆಂದು ಕಂಡು, ಆ ರಾಜ್ಯವು 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿದೆ. ಅಲ್ಲಿ ಎರಕದ ಗುಂಡು ಗುರಿಹಲಗೆಗೆ ಮಾತ್ರ. ಭಾರತದಲ್ಲಾದರೋ 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. ಆದುದರಿಂದ ಇಲ್ಲಿನ ಓದುಗರಿಗೆ ಇದು ತಿಳಿವಳಿಕೆಯ ವಿಷಯವೇ ಹೊರತು ಅನುಕರಣೆಯದಲ್ಲ.

ಮೈಕ್ರೋ-ಗ್ರೂವ್ ನಳಿಗೆಯ ಮೇಲಿನ ಅಪವಾದ ಇನ್ನೂ ಅಳಿದಿಲ್ಲ. ಕೇಳಿದ ಮಾತನ್ನು ನಂಬುವುದು ಸುಲಭ. ಎಣ್ಣೆ ಸವರಿದ ನಳಿಗೆಯಲ್ಲಿ ಸೀಸದ ತುಂಡನ್ನು ತಳ್ಳಿ ಅಳೆಯುವುದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಕೊಟ್ಟವರಿಗೆ, ಊರೆಲ್ಲ ತಳ್ಳಿಹಾಕಿದ ಗ್ಲೆನ್‌ಫೀಲ್ಡ್ ಕೂಡ ಅಂಗೈಯಗಲದ ಗುರಿಯೊಳಗೆ ಗುಂಡುಗಳನ್ನು ಇಟ್ಟು ತೋರಿಸಬಲ್ಲುದು.